ಟರ್ನ್‌ಟೇಬಲ್ ಸೂಜಿ ಬದಲಿಸಿದ ಲೆಕ್ಕ: ಕಲಬುರಗಿಯಲ್ಲಿ 19 ದಿನ

ನಮ್ಮ ಟರ್ನ್‌ಟೇಬಲ್‌ಗೆ, ಅಂದ್ರೆ ಹಾಡಿನ ಪ್ಲೇಟು ಹಾಡಿಸುವ ಯಂತ್ರಕ್ಕೆ, ಹೊಸ ಸೂಜಿ ಹಾಕುವ ಕೆಲಸ ನಿನ್ನೆ ರಾತ್ರಿ ಮುಗಿಯಿತು. ನೆನಪು ಹಸಿ ಇರುವಾಗಲೇ ಎಲ್ಲ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಈ ಕೆಲಸ ಮಾಡಿಕೊಡುವವರು ನನಗೆ ಸಿಗಲಿಲ್ಲ. ಹಾಗಾಗಿ ಮನೆಯಲ್ಲೇ ಮಾಡಿದೆ. ನಾಲ್ಕು ತಪ್ಪು ಮಾಡಿದೆ, ನಾಲ್ಕನ್ನೂ ಬರೆಯುತ್ತೇನೆ.

ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ 64 ಎಲ್‌ಪಿಗಳಿವೆ, ಅಂದ್ರೆ ದೊಡ್ಡ ಹಾಡಿನ ಪ್ಲೇಟುಗಳು. ಅಜ್ಜನ ಕಾಲದ 78ರ ಪ್ಲೇಟುಗಳು (ನಿಮಿಷಕ್ಕೆ 78 ಸುತ್ತು ತಿರುಗುವವು) 11. ಎಲ್‌ಪಿಗಳಲ್ಲಿ ಜಾಸ್ತಿ ಹಿಂದೂಸ್ತಾನಿ. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ ಇದ್ದಾರೆ. ಖವ್ವಾಲಿ ಇದೆ. ವಚನ ಗಾಯನದ ಮೂರು ಎಲ್‌ಪಿ ಇವೆ. ಅವ್ವನಿಗೆ ಬೇಕಾದದ್ದು ಆ ಮೂರೇ.

ಟರ್ನ್‌ಟೇಬಲ್ ಆಡಿಯೊ-ಟೆಕ್ನಿಕಾದ ಎಲ್‌ಪಿ120ಎಕ್ಸ್. ಡೈರೆಕ್ಟ್ ಡ್ರೈವ್ (ಮೋಟರೇ ನೇರ ತಟ್ಟೆ ತಿರುಗಿಸುತ್ತದೆ), ಸೂಜಿ ಹೊರುವ ಆರ್ಮ್ ಎಸ್ ಆಕಾರದ್ದು. ಅದರ ಜೊತೆ ಬಂದ ಕಾರ್ಟ್ರಿಜ್, ಅಂದ್ರೆ ಸೂಜಿಯ ಅಲುಗಾಟವನ್ನು ವಿದ್ಯುತ್ತಾಗಿ ಬದಲಿಸುವ ಭಾಗ, ವಿಎಂ95ಇ. ಅದರ ಸೂಜಿಯ ಪ್ಲಾಸ್ಟಿಕ್ ಹಸಿರು ಬಣ್ಣದ್ದು. ಈ ಕಾರ್ಟ್ರಿಜ್‌ನಲ್ಲಿ ಒಂದು ಅನುಕೂಲ ಇದೆ. ಅಲುಗಾಡುವ ಎಲ್ಲವೂ, ಅಂದ್ರೆ ವಜ್ರದ ತುದಿ, ಅದನ್ನು ಹಿಡಿದ ಕ್ಯಾಂಟಿಲಿವರ್ ಅನ್ನುವ ಸಣ್ಣ ಅಲ್ಯೂಮಿನಿಯಂ ಕೊಳವೆ, ಅದರ ಹಿಂದಿನ ರಬ್ಬರು, ಅಯಸ್ಕಾಂತ, ಎಲ್ಲ ಬಿಚ್ಚಿಬರುವ ಪ್ಲಾಸ್ಟಿಕ್ ಭಾಗದಲ್ಲೇ ಇರುತ್ತವೆ. ಕಾರ್ಟ್ರಿಜ್‌ನ ಬಾಡಿಯಲ್ಲಿ ಉಳಿಯುವುದು ತಂತಿಯ ಸುರುಳಿಯ ಭಾಗ ಮಾತ್ರ. ಆ ಪ್ಲಾಸ್ಟಿಕ್ ಭಾಗ ಬದಲಿಸಿದರೆ ಹೆಚ್ಚುಕಡಿಮೆ ಹೊಸ ಕಾರ್ಟ್ರಿಜ್ ಬಂದ ಹಾಗೆ.

ಮಾರ್ಚ್ 2: ಮುರಿದದ್ದು

ಬೆಳಿಗ್ಗೆ ಧೂಳು ಒರೆಸುತ್ತಿದ್ದೆ. ಬೇಸಿಗೆ ಶುರುವಾದರೆ ಕಲಬುರಗಿಯಲ್ಲಿ ಧೂಳು ಕೇಳಬೇಡಿ. ಕಿಟಕಿ ಮುಚ್ಚಿದ್ದರೂ ಎರಡು ದಿನದಲ್ಲಿ ಕಪ್ಪು ಮುಚ್ಚಳದ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಸೂಜಿಗೆ ಹಾಕುವ ಕವಚ ಹಾಕಿರಲಿಲ್ಲ. ಹತ್ತಿ ಬಟ್ಟೆಯ ಒಂದು ನೂಲು ಸೂಜಿಗೆ ಸಿಕ್ಕಿತು. ನನಗೆ ಗೊತ್ತಾಗದೆ ಎಳೆದೆ. ಅಷ್ಟೇ.

ನೋಡಿದರೆ ಕ್ಯಾಂಟಿಲಿವರ್ ಎಡಕ್ಕೆ ತಿರುಗಿತ್ತು. ಮುರಿದಿರಲಿಲ್ಲ, ಬಾಗಿತ್ತು. ತುದಿಯ ವಜ್ರ ಇನ್ನೂ ಇತ್ತು. ಎರಡು ವರ್ಷ ದಿನಾ ಸಂಜೆ ಹಾಡಿದ ಸೂಜಿ ಅದು. ತುಂಬ ಸಂಕಟ ಆಯ್ತು.

ಮಾರ್ಚ್ 3: ನೆಟ್ಟಗೆ ಮಾಡಲು ಹೋಗಿದ್ದು (ಮೊದಲ ತಪ್ಪು)

ಬಾಗಿದ್ದನ್ನು ನೆಟ್ಟಗೆ ಮಾಡಬಹುದು ಅಂದುಕೊಂಡೆ. ಸರಾಫ ಬಜಾರಿನಲ್ಲಿ ಬಂಗಾರದ ಕೆಲಸದವರು ಬಳಸುವ 10 ಪಟ್ಟು ದೊಡ್ಡದು ಮಾಡುವ ಮಸೂರ 250 ರೂಪಾಯಿಗೆ ತಂದೆ. ಚೂಪು ತುದಿಯ ಚಿಮಟಾ ಮನೆಯಲ್ಲಿತ್ತು.

ಮಸೂರದಲ್ಲಿ ನೋಡಿದಾಗ ವಿಷಯ ಬೇರೆಯೇ ಇತ್ತು. ಕೊಳವೆ ಬಾಗಿದ ಜಾಗದಲ್ಲಿ ಒಳಮಗ್ಗುಲು ಸುಕ್ಕಾಗಿತ್ತು. ಹೊರಮಗ್ಗುಲಿನಲ್ಲಿ ಕೂದಲೆಳೆಯಂಥ ಬೆಳ್ಳನೆಯ ಗೆರೆ. ಕುಡಿಯುವ ಸ್ಟ್ರಾ ಮಡಚಿ ಬಿಟ್ಟರೆ ಹೇಗೆ ಕಾಣುತ್ತೆ, ಹಾಗೆ. ಅಲ್ಲಿಗೆ ಕೈ ಬಿಡಬೇಕಿತ್ತು. ಬಿಡಲಿಲ್ಲ. ಚಿಮಟಾದಿಂದ ಬಲಕ್ಕೆ ನಿಧಾನವಾಗಿ ಒತ್ತಿದೆ. ಅರ್ಧ ಬಂತು. ಇನ್ನೊಂದು ಚೂರು ಅಂದಾಗ ಸದ್ದೇ ಇಲ್ಲದೆ ಆ ಬಿಳಿ ಗೆರೆಯಲ್ಲಿ ಎರಡಾಯ್ತು. ತುದಿ ಹಾರಿ ಬಿತ್ತು. ಟಾರ್ಚ್ ಹಿಡಿದು ಮುಕ್ಕಾಲು ಗಂಟೆ ನೆಲ ಹುಡುಕಿದ ಮೇಲೆ ಸಿಕ್ಕಿತು.

ಅಷ್ಟಕ್ಕೂ ನಿಲ್ಲಿಸಲಿಲ್ಲ. ಹಳೆ ಇಯರ್‌ಫೋನ್ ವೈರಿನಿಂದ ಒಂದು ತಾಮ್ರದ ಎಳೆ ತೆಗೆದು, ಮುರಿದ ಎರಡೂ ಕೊಳವೆಯ ಒಳಗೆ ತೂರಿಸಿ, ಸೂಪರ್ ಗ್ಲೂ ಹಚ್ಚಿ ಕೂಡಿಸಿದೆ. ನೋಡಲು ಕೂಡಿತ್ತು. ಬೇಡದ ಒಂದು ಎಲ್‌ಪಿ ಮೇಲೆ ಇಟ್ಟು ಕೇಳಿದೆ. ದನಿ ಬಂತು, ಆದರೆ ಮೂಗಿನಲ್ಲಿ ಮಾತಾಡಿದ ಹಾಗೆ. ಮೇಲಿನ ಸ್ವರ ಒಂದೂ ಇಲ್ಲ. ಗೋಂದು, ತಂತಿ ಸೇರಿ ತೂಕ ಹೆಚ್ಚಾಯ್ತು. ವಜ್ರ ತಿರುಚಿ ಕೂತಿತ್ತು. ಅಂಥ ವಜ್ರ ಗಾಡಿಯ ಮೇಲೆ, ಅಂದ್ರೆ ಪ್ಲೇಟಿನಲ್ಲಿ ಹಾಡು ಕೊರೆದ ಸಣ್ಣ ತೋಡಿನ ಮೇಲೆ, ಕೂತರೆ ಪ್ಲೇಟು ಕೆರೆಯುತ್ತದೆ. ಎರಡು ನಿಮಿಷಕ್ಕೆ ಎತ್ತಿಬಿಟ್ಟೆ.

ಇದೇ ಸ್ಥಿತಿ ನಿಮಗೆ ಬಂದರೆ ಚಿಮಟಾ ಮುಟ್ಟಬೇಡಿ. ಅಲ್ಯೂಮಿನಿಯಂ ಕೊಳವೆ ಒಮ್ಮೆ ಸುಕ್ಕಾದ ಮೇಲೆ ಅದರ ಬಲ ಹೋಯ್ತು ಅಂತಲೇ ಲೆಕ್ಕ.

ಮಾರ್ಚ್ 4: ಬಾಡಿ ಪರೀಕ್ಷೆ, ಸೂಜಿ ಆಯ್ಕೆ

ಹೊಸ ಸೂಜಿಗೆ ದುಡ್ಡು ಹಾಕುವ ಮೊದಲು ಬಾಡಿ ಸರಿ ಇದೆಯಾ ನೋಡಬೇಕಲ್ವಾ. ಮಲ್ಟಿಮೀಟರ್ ಹಿಡಿದೆ. ಕಂಪನಿ ಹೇಳುವ ಸುರುಳಿಯ ರೆಸಿಸ್ಟೆನ್ಸ್ 485 ಓಮ್. ನನಗೆ ಎಡಕ್ಕೆ 505, ಬಲಕ್ಕೆ 507 ಬಂತು. ಮಧ್ಯಾಹ್ನ ಮೂರು ಗಂಟೆ, ಕೋಣೆಯಲ್ಲಿ 36 ಡಿಗ್ರಿ. ತಾಮ್ರ ಬಿಸಿಯಾದರೆ ರೆಸಿಸ್ಟೆನ್ಸ್ ಏರುತ್ತದೆ, ಆ ಲೆಕ್ಕಕ್ಕೆ ಇದು ಸರಿಯೇ. ಮುಖ್ಯ ವಿಷಯ, ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. ಬಾಡಿ ಗಟ್ಟಿ.

ಈ ಬಾಡಿಗೆ ಆರು ಬಗೆಯ ಸೂಜಿ ಕೂರುತ್ತವೆ. ನೀಲಿ ಬಣ್ಣದ್ದು ಗುಂಡು ತುದಿ. ಹಸಿರು, ಅಂಟಿಸಿದ ಎಲಿಪ್ಟಿಕಲ್ (ಮೊಟ್ಟೆಯಾಕಾರದ) ತುದಿ, ನನ್ನದು ಮುರಿದದ್ದು ಅದೇ. ಕೇಸರಿ, ಇಡೀ ವಜ್ರದಲ್ಲೇ ಕೊರೆದ ಎಲಿಪ್ಟಿಕಲ್. ಕೆಂಪು, ಮೈಕ್ರೋಲೀನಿಯರ್ ಅನ್ನುವ ತೆಳು ಅಂಚಿನ ತುದಿ. ಕಂದು, ಶಿಬಾಟ ಅನ್ನುವ ಇನ್ನೊಂದು ತೆಳು ಅಂಚಿನ ತುದಿ. ಕಪ್ಪು ಬಣ್ಣದ್ದು 78ರ ಪ್ಲೇಟಿಗೆ ಮಾತ್ರ.

ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಷಯ: ಪ್ಲೇಟಿನ ಕೊನೆಯ ಹಾಡು. ವಚನದ ಎಲ್‌ಪಿಯಲ್ಲಿ ಪ್ರತಿ ವಚನ ಅಂಕಿತದಲ್ಲಿ ಮುಗಿಯುತ್ತದೆ. "ಕೂಡಲಸಂಗಮದೇವ" ಅನ್ನುವಾಗ ಆ "ಸಂ" ಇದೆಯಲ್ಲ, ಪ್ಲೇಟಿನ ಹೊರಗಡೆಯ ವಚನಗಳಲ್ಲಿ ಚೆನ್ನಾಗಿ ಬರುತ್ತಿತ್ತು. ಮಧ್ಯದ ಚೀಟಿಯ ಹತ್ತಿರ ಬಂದಂತೆ "ಸ್ಸ್‌ಛಂ" ಅಂತ ಒಡೆಯುತ್ತಿತ್ತು. ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ 51 ಸೆಂಟಿಮೀಟರ್ ಗಾಡಿ ಓಡಿದರೆ, ಒಳಗೆ ಬಂದಾಗ ಬರೀ 21 ಸೆಂಟಿಮೀಟರ್. ಅದೇ "ಸ" ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತದೆ. ಅಷ್ಟು ಸಣ್ಣ ತಿರುವಿಗೆ ದಪ್ಪ ತುದಿ ಇಳಿಯುವುದಿಲ್ಲ.

ಹಸಿರು ಸೂಜಿಯ ತುದಿಯ ಅಂಚು ಸುಮಾರು 7.6 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಕೆಂಪು ಮೈಕ್ರೋಲೀನಿಯರ್‌ನದು 3 ಮೈಕ್ರಾನ್. ಗಾಡಿಯ ಗೋಡೆಯನ್ನು ಮುಟ್ಟುವುದು ಮಾತ್ರ ಮೇಲಿಂದ ಕೆಳಗೆ ಉದ್ದಕ್ಕೆ. ನನ್ನ ಪ್ಲೇಟುಗಳಿಗೆ ಇದು ಇನ್ನೊಂದು ಕಾರಣಕ್ಕೂ ಬೇಕಿತ್ತು. ಅಪ್ಪ ಇವನ್ನೆಲ್ಲ ಸೂಟ್‌ಕೇಸ್ ಥರದ ಹಳೆ ಪ್ಲೇಯರ್‌ನಲ್ಲಿ, ಭಾರದ ಗುಂಡು ಸೂಜಿಯಲ್ಲಿ ವರ್ಷಗಟ್ಟಲೆ ಹಾಡಿಸಿದ್ದರು. ಗೋಡೆಯಲ್ಲಿ ಆ ಸೂಜಿ ಮುಟ್ಟಿದ ಪಟ್ಟಿ ಸವೆದಿದೆ. ಉದ್ದಕ್ಕೆ ಮುಟ್ಟುವ ತುದಿಗೆ ಸವೆಯದ ಜಾಗವೂ ಸಿಗುತ್ತದೆ.

ಬಾಳಿಕೆಯೂ ನೋಡಿದೆ. ಕಂಪನಿಯೇ ಎಲಿಪ್ಟಿಕಲ್‌ಗೆ 300 ಗಂಟೆ, ಮೈಕ್ರೋಲೀನಿಯರ್‌ಗೆ 1,000 ಗಂಟೆ ಅನ್ನುತ್ತದೆ. ಮನಸ್ಸು ಗಟ್ಟಿ ಮಾಡಿ ಕೆಂಪು ಸೂಜಿ ತರಿಸಿದೆ. 14,800 ರೂಪಾಯಿ. ಮುರಿದದ್ದೇ ಮತ್ತೆ ತರಿಸಿದ್ದರೆ ಇದರ ಅರ್ಧ ದುಡ್ಡೂ ಆಗುತ್ತಿರಲಿಲ್ಲ.

ಮಾರ್ಚ್ 10: ಪಾರ್ಸೆಲ್, ಮೊದಲ ಕೇಳುವಿಕೆ (ಎರಡನೆಯ ತಪ್ಪು)

ಸಂಜೆ ಪಾರ್ಸೆಲ್ ಬಂತು. ಕೂಲರ್ ಆರಿಸಿ, ಕೈ ತೊಳೆದು, ಟೇಬಲ್ ಲ್ಯಾಂಪ್ ಹಾಕಿ ಕೂತೆ. ಮುಂಗೈ ಟೇಬಲ್ ಮೇಲೆ ಊರಿ ಹಳೆಯದನ್ನು ಪ್ಲಾಸ್ಟಿಕ್ ಹಿಡಿದು ಎಳೆದು ತೆಗೆದೆ. ಹೊಸದನ್ನು ಕೂರಿಸಿದೆ. ಐದೇ ನಿಮಿಷ. ಆಂಪ್ಲಿಫೈಯರ್ ಹಚ್ಚಿ, ವಚನದ ಎಲ್‌ಪಿ ಇಟ್ಟು, ಅವ್ವನನ್ನು ಕರೆದೆ.

ದನಿ ತೆಳು. ಬಲಗಡೆ ಒಂದು ಥರ ಕರಕರ. ಒಳಗಿನ ಹಾಡಿನ "ಸಂ" ಮೊದಲಿಗಿಂತ ಕೆಟ್ಟಿತ್ತು. ಅವ್ವ ಒಂದು ವಚನ ಕೇಳಿ ಹೇಳಿದರು: "ತಮ್ಮಾ, ಅದು ಹಾಡ್ಲಾಕತ್ತದೋ ಅಳ್ಳಾಕತ್ತದೋ?"

ರಾತ್ರಿ ನಿದ್ದೆ ಬರಲಿಲ್ಲ. ಒಂದು ಗಂಟೆಗೆ ಎದ್ದು ಮಸೂರ ಹಿಡಿದು ಪಕ್ಕದಿಂದ ನೋಡಿದೆ. ಕೆಂಪು ಪ್ಲಾಸ್ಟಿಕ್‌ಗೂ ಕಪ್ಪು ಬಾಡಿಗೂ ನಡುವೆ ಒಂದು ಕಡೆ ಸಂದು ಕಾಣುತ್ತಿತ್ತು. ಉಗುರು ಹೋಗುವಷ್ಟೂ ಇಲ್ಲ, ಆದರೆ ಲ್ಯಾಂಪಿನ ಬೆಳಕು ಆಚೆಯಿಂದ ಈಚೆಗೆ ಬರುತ್ತಿತ್ತು. ಮುರಿಯುವ ಭಯಕ್ಕೆ ನಾನು ಪೂರ್ತಿ ಒತ್ತಿರಲಿಲ್ಲ. ಪ್ಲಾಸ್ಟಿಕ್‌ನ ಎರಡು ಮಗ್ಗುಲನ್ನು ಹಿಡಿದು, ಕ್ಯಾಂಟಿಲಿವರ್ ಕಡೆ ಬೆರಳು ಹೋಗದಂತೆ ಒತ್ತಿದೆ. ಟಕ್ ಅಂತು. ಸಂದು ಮುಚ್ಚಿತು.

ಬಲಗಡೆಯ ಕರಕರ ಹೋಯ್ತು. "ಸಂ" ಮಾತ್ರ ಹಾಗೇ ಇತ್ತು.

ಮಾರ್ಚ್ 11: ತೂಕ (ಮೂರನೆಯ ತಪ್ಪು)

ಈ ಸೂಜಿಗೆ 1.8ರಿಂದ 2.2 ಗ್ರಾಂ ಭಾರ ಬೇಕು. 2.0 ಇಟ್ಟರೆ ಸರಿ. ಆರ್ಮ್ ಹಿಂದಿನ ತೂಕದ ಗುಂಡಿನ ಮೇಲೆ ಅಂಕಿ ಇವೆ. ಅದನ್ನು ನಂಬದೆ ಸರಾಫ ಬಜಾರಿನ ಗೆಳೆಯನ ಅಂಗಡಿಯಿಂದ ಬಂಗಾರ ತೂಗುವ ಪುಟ್ಟ ತಕ್ಕಡಿ ತಂದೆ. 0.01 ಗ್ರಾಂ ತನಕ ತೋರಿಸುತ್ತದೆ. ಸೂಜಿಯನ್ನು ನೇರ ಅದರ ತಟ್ಟೆಯ ಮೇಲೆ ಇಳಿಸಿದೆ. 2.31 ಬಂತು. ಗುಂಡು ತಿರುಗಿಸಿ 2.00ಕ್ಕೆ ತಂದೆ.

ಹಾಡಿಸಿದರೆ ಇನ್ನೂ ಕೆಟ್ಟಿತು. ಜೋರು ತಾನ್ ಬಂದಾಗ ಸೂಜಿ ಗಾಡಿಯಲ್ಲಿ ನಿಲ್ಲುತ್ತಿಲ್ಲ ಅನ್ನಿಸಿತು.

ಮತ್ತೆ ತೂಗುವಾಗ ಕಣ್ಣಿಟ್ಟು ನೋಡಿದೆ. ತಟ್ಟೆಗೆ ಇನ್ನೂ ಎರಡು ಮಿಲಿಮೀಟರ್ ಇದೆ ಅನ್ನುವಾಗ ಆರ್ಮ್ ತಾನಾಗೇ ಜಗ್ಗಿ ಕೆಳಗೆ ಹೋಯ್ತು. ಆಗ ಹೊಳೆಯಿತು. ಕಾರ್ಟ್ರಿಜ್‌ನಲ್ಲಿ ಅಯಸ್ಕಾಂತ ಇದೆ. ತಕ್ಕಡಿಯೊಳಗೆ ಕಬ್ಬಿಣ ಇದೆ. ಅದು ಎಳೆಯುವ ಭಾರವೂ ಸೂಜಿಯ ಲೆಕ್ಕಕ್ಕೆ ಸೇರುತ್ತಿತ್ತು. ನಾನು 2.00 ಅಂದುಕೊಂಡದ್ದು ನಿಜಕ್ಕೂ ಅದಕ್ಕಿಂತ ಕಡಿಮೆ. ಇನ್ನೊಂದು, ತಕ್ಕಡಿ ಎತ್ತರ ಇದೆ. ಪ್ಲೇಟಿನ ಮಟ್ಟಕ್ಕಿಂತ ಆರ್ಮ್ ಮೇಲೆ ಇದ್ದರೆ ಭಾರ ಸರಿ ತೋರಿಸುವುದಿಲ್ಲ.

ಪರಿಹಾರಕ್ಕೆ ದುಡ್ಡು ಬೇಕಾಗಲಿಲ್ಲ. ಕಿಟಕಿ ಕೆಲಸದಲ್ಲಿ ಉಳಿದ ಅಲ್ಯೂಮಿನಿಯಂ ಪಟ್ಟಿ ಇತ್ತು. 90 ಮಿಲಿಮೀಟರ್ ಕತ್ತರಿಸಿದೆ, ಅಗಲ 12. ಮೆಟ್ಟಿಲಿನ ಥರ ಎರಡು ಕಡೆ ಬಗ್ಗಿಸಿದೆ. ಒಂದು ತುದಿ ತಟ್ಟೆಯ ಮೇಲೆ ಟೇಪ್ ಹಚ್ಚಿ ಕೂರುತ್ತದೆ. ಇನ್ನೊಂದು ತುದಿ ತಕ್ಕಡಿಯಿಂದ ಹೊರಗೆ ಚಾಚಿ ಸರಿಯಾಗಿ ಪ್ಲೇಟಿನ ಮಟ್ಟಕ್ಕೆ ಇಳಿಯುತ್ತದೆ. ಚಾಚಿದ ತುದಿಯಲ್ಲಿ ಮೊಳೆಯಿಂದ ಚಿಕ್ಕ ಕುಳಿ ಮಾಡಿದೆ, ಸೂಜಿ ಅಲ್ಲೇ ಕೂರಲಿ ಅಂತ. ಪಟ್ಟಿ ಇಟ್ಟ ಮೇಲೆ ತಕ್ಕಡಿಯನ್ನು ಸೊನ್ನೆ ಮಾಡಿಕೊಳ್ಳಬೇಕು. ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯುವುದಿಲ್ಲ, ತಕ್ಕಡಿಯೂ ದೂರ ಉಳಿಯಿತು.

ಈಗ ತೋರಿಸಿದ್ದು 1.68. ಅಷ್ಟು ವ್ಯತ್ಯಾಸ! ಕಡಿಮೆ ಭಾರ ಪ್ಲೇಟಿಗೆ ಒಳ್ಳೆಯದು ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಭಾರ ಸಾಲದೆ ಸೂಜಿ ಗೋಡೆಯಿಂದ ಗೋಡೆಗೆ ಬಡಿದರೆ ಗಾಡಿ ಹಾಳಾಗುತ್ತದೆ. 2.00ಕ್ಕೆ ತಂದೆ. ಮೂರು ಸಲ ಎತ್ತಿ ಇಳಿಸಿದೆ: 2.00, 2.01, 2.00.

ತಾನ್ ಸರಿಯಾಯ್ತು. "ಸಂ" ಅರ್ಧ ಸರಿಯಾಯ್ತು.

ಮಾರ್ಚ್ 13, 14: ಕೋನ (ನಾಲ್ಕನೆಯ ತಪ್ಪು, ದೊಡ್ಡದು)

ಸತ್ಯ ಹೇಳಬೇಕಂದ್ರೆ ಈ ತಪ್ಪು ಎರಡು ವರ್ಷ ಹಳೆಯದು. ಹೆಡ್‌ಶೆಲ್, ಅಂದ್ರೆ ಆರ್ಮ್ ತುದಿಯಲ್ಲಿ ಕಾರ್ಟ್ರಿಜ್ ಕೂರುವ ತುಂಡು, ಬದಲಿಸಿದಾಗ ನಾನು ಕಾರ್ಟ್ರಿಜ್ ಬಾಡಿಯ ಅಂಚನ್ನು ಹೆಡ್‌ಶೆಲ್ ಅಂಚಿಗೆ ಕಣ್ಣಳತೆಯಲ್ಲಿ ಜೋಡಿಸಿ ಸ್ಕ್ರೂ ಬಿಗಿದಿದ್ದೆ. ಹಸಿರು ಸೂಜಿ ಅದನ್ನು ಸಹಿಸಿಕೊಂಡಿತ್ತು. ಕೆಂಪು ಸೂಜಿ ಸಹಿಸುವುದಿಲ್ಲ. ಅಂಚು ತೆಳುವಾದಷ್ಟೂ ಕೋನ ಸರಿ ಇರಬೇಕು.

ಕೋನ ನೋಡಲು ಕಾಗದದ ಪ್ರೊಟ್ರ್ಯಾಕ್ಟರ್ ಸಾಕು. ಪ್ಲೇಟಿನ ನಡುವಿನ ಕಂಬದಿಂದ 66 ಮಿಲಿಮೀಟರ್ ಮತ್ತು 120.9 ಮಿಲಿಮೀಟರ್ ದೂರದಲ್ಲಿ ಎರಡು ಬಿಂದು, ಸುತ್ತ ಚೌಕದ ಗೆರೆಗಳು. ಎರಡೂ ಬಿಂದುವಿನ ಮೇಲೆ ಸೂಜಿ ಇಟ್ಟಾಗ ಕ್ಯಾಂಟಿಲಿವರ್ ಗೆರೆಗಳಿಗೆ ಸಮನಾಗಿ ನಿಲ್ಲಬೇಕು. ಸೂಪರ್ ಮಾರ್ಕೆಟ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ 10 ರೂಪಾಯಿಗೆ ಪ್ರಿಂಟ್ ತೆಗೆಸಿದೆ. ಮನೆಗೆ ಬಂದು, ಮೂರೂವರೆ ಗಂಟೆ ಕೂತು, ಬೆವರು ಒರೆಸಿಕೊಳ್ಳುತ್ತಾ ಎರಡೂ ಬಿಂದುವಿನಲ್ಲಿ ಕೂದಲೆಳೆಯಷ್ಟೂ ಬಿಡದೆ ಸರಿ ಮಾಡಿದೆ.

ಹಾಡಿಸಿದೆ. ಹೊರಗಿನ ಹಾಡೂ ಕೆಟ್ಟಿತು.

ಮರುದಿನ ಬೆಳಿಗ್ಗೆ ಸುಮ್ನೆ ಸ್ಕೇಲ್ ಹಿಡಿದು ಕಾಗದ ಅಳೆದೆ. ಅದರ ಕೆಳಗೆ ಪರೀಕ್ಷೆಗೆ ಅಂತ 100 ಮಿಲಿಮೀಟರ್ ಗೆರೆ ಇರುತ್ತದೆ. ನನ್ನ ಕಾಗದದಲ್ಲಿ ಅದು 97 ಇತ್ತು. ಪ್ರಿಂಟರ್ ಕಾಗದದ ಅಳತೆಗೆ ಹೊಂದಿಸಿ ಚಿತ್ರವನ್ನೇ ಕುಗ್ಗಿಸಿತ್ತು. 66 ಇರಬೇಕಾದದ್ದು 64, 120.9 ಇರಬೇಕಾದದ್ದು 117 ಚಿಲ್ಲರೆ. ಮೂರೂವರೆ ಗಂಟೆ ನಾನು ತಪ್ಪು ಬಿಂದುವಿಗೆ ಸರಿ ಮಾಡಿದ್ದೆ.

ಅಂಗಡಿಗೆ ಮತ್ತೆ ಹೋಗಿ, ಕುಗ್ಗಿಸಬೇಡಿ, ನೂರಕ್ಕೆ ನೂರು ಇರಲಿ ಅಂತ ಹೇಳಿ, ಅಲ್ಲೇ ಕೌಂಟರ್ ಮೇಲೆ ಸ್ಕೇಲ್ ಇಟ್ಟು ಅಳೆದೆ. ಸರಿ 100. ಇನ್ನೊಂದು 10 ರೂಪಾಯಿ.

ಈ ಸಲ ಒಂದು ವಿಷಯ ಕಲಿತೆ. ಬಾಡಿಯ ಅಂಚನ್ನು ನೋಡಬಾರದು. ಕ್ಯಾಂಟಿಲಿವರ್ ಅನ್ನೇ ನೋಡಬೇಕು. ಬಾಡಿ ನೆಟ್ಟಗಿದ್ದ ಮಾತ್ರಕ್ಕೆ ಒಳಗಿನ ಕೊಳವೆ ಅದೇ ನೇರಕ್ಕೆ ಇರಬೇಕೆಂದಿಲ್ಲ, ಗಾಡಿಯಲ್ಲಿ ಓಡುವುದು ಕೊಳವೆ ತಾನೇ. 0.5 ಮಿಲಿಮೀಟರ್ ಪೆನ್ಸಿಲ್ ಕಡ್ಡಿಯ ಒಂದು ತುಂಡನ್ನು ಹೆಡ್‌ಶೆಲ್ ಮುಂದೆ ಕ್ಯಾಂಟಿಲಿವರ್ ನೇರಕ್ಕೆ ಗೆರೆಯ ಮೇಲೆ ಇಟ್ಟುಕೊಂಡರೆ ಕಣ್ಣಿಗೆ ಸುಲಭ. ಮೊಬೈಲ್ ಕ್ಯಾಮೆರಾವನ್ನು ಮುಂದೆ ಕೆಳಗೆ ಇಟ್ಟು ದೊಡ್ಡದು ಮಾಡಿ ನೋಡಿದೆ. ನನ್ನ ಹಳೆ ಜೋಡಣೆಗಿಂತ ಕಾರ್ಟ್ರಿಜ್ 2 ಮಿಲಿಮೀಟರ್ ಮುಂದೆ ಬರಬೇಕಿತ್ತು, ಒಂಚೂರು ಒಳಕ್ಕೆ ತಿರುಗಬೇಕಿತ್ತು. ಒಂದು ಬಿಂದು ಸರಿಯಾದರೆ ಇನ್ನೊಂದು ತಪ್ಪುತ್ತದೆ. ಆರೇಳು ಸಲ ಹಿಂದೆ ಮುಂದೆ ಆಯ್ತು. ಸ್ಕ್ರೂ ಬಿಗಿ ಮಾಡುವಾಗಲೂ ಬಾಡಿ ತಿರುಗುತ್ತದೆ. ಹಾಗಾಗಿ ಎಡ ಕಾಲು ಸುತ್ತು, ಬಲ ಕಾಲು ಸುತ್ತು, ಹೀಗೆ ಸ್ವಲ್ಪ ಸ್ವಲ್ಪ ಬಿಗಿಯಬೇಕು. ಸ್ಕ್ರೂ ಮುಟ್ಟುವ ಪ್ರತಿ ಸಲ ಸೂಜಿಗೆ ಕವಚ ಹಾಕಿದೆ. ಮಾರ್ಚ್ 2 ಮರೆತಿರಲಿಲ್ಲ.

ಮಾರ್ಚ್ 15: ವೈರ್ ಕಿತ್ತಿದ್ದು

ಬಾಡಿ ಮುಂದೆ ಸರಿದದ್ದರಿಂದ ಹಿಂದಿನ ನಾಲ್ಕು ವೈರ್ ಬಿಗಿಯಾಗಿದ್ದವು. ಕೆಂಪು ವೈರ್ ಕ್ಲಿಪ್ಪಿನಿಂದ ಕಿತ್ತು ಬಂತು, ಬಲಗಡೆ ದನಿ ಬಂದ್. ಹೊಸ ಹೆಡ್‌ಶೆಲ್ ವೈರ್ ಸೆಟ್ 450 ರೂಪಾಯಿ, ಬರಲು ಎರಡು ದಿನ. ಬಣ್ಣ ನೆನಪಿಡಿ: ಬಿಳಿ ಎಡದ ಪ್ಲಸ್, ನೀಲಿ ಎಡದ ಮೈನಸ್, ಕೆಂಪು ಬಲದ ಪ್ಲಸ್, ಹಸಿರು ಬಲದ ಮೈನಸ್. ಕ್ಲಿಪ್ಪನ್ನೇ ಹಿಡಿದು ತೂರಿಸಿ, ವೈರ್ ಹಿಡಿದು ಎಳೆಯಬೇಡಿ. ಕಾರ್ಟ್ರಿಜ್ ಪಿನ್ನಿಗೆ ಸೋಲ್ಡರ್ ಕಡ್ಡಿ ತಾಗಿಸಲೇಬೇಡಿ. ಒಳಗಿನ ತಂತಿ ಬಿಸಿಗೆ ಬಿಟ್ಟುಕೊಳ್ಳುತ್ತದೆ.

ಕಾಯುವ ದಿನಗಳಲ್ಲಿ ಕೆಂಪು ಸೂಜಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಸ್ಟೇಷನ್ ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿಗೆ ಹೋದೆ. ಅವರ ಹತ್ತಿರ ಬೋರ್ಡ್ ನೋಡುವ ಮೈಕ್ರೋಸ್ಕೋಪ್ ಇದೆ. ಮೊದಲು ಹಳೆ ತುಂಡು ಇಟ್ಟೆವು. ಲೋಹದ ಮೊಟಕು ಕಡ್ಡಿ, ಅದರ ತುದಿಗೆ ಅಂಟಿಸಿದ ವಜ್ರದ ಚೂರು, ಸುತ್ತ ನನ್ನ ಸೂಪರ್ ಗ್ಲೂ ಬೆಳ್ಳಗೆ ಹರಡಿತ್ತು. ಆಮೇಲೆ ಹೊಸದು. ಚಿಕ್ಕ ಚೌಕದ ಕಂಬ, ಅದು ಇಡಿಯಾಗಿ ವಜ್ರ, ಕೊಳವೆಯ ತೂತಿನಿಂದ ಹೊರಗೆ ಬಂದು ಕೆಳಗೆ ಎರಡೂ ಕಡೆ ಸಣ್ಣ ಏಣಿನಂತೆ ಕೊರೆದ ತುದಿ. ಬೆಳಕು ತಾಗಿದಾಗ ಆ ಏಣು ಒಂದೇ ಒಂದು ಗೆರೆಯಾಗಿ ಹೊಳೆಯಿತು. ಅಂಗಡಿಯ ಹುಡುಗ ಕಣ್ಣು ತೆಗೆಯದೆ ಕೇಳಿದ: "ಇಷ್ಟು ಸಣ್ಣದ್ರಾಗಿಂದ ಅಷ್ಟು ದೊಡ್ಡ ದನಿ ಹ್ಯಾಂಗ ಬರ್ತದರೀ?" ದುಡ್ಡು ತಗೊಳ್ಳಲಿಲ್ಲ.

ಮಾರ್ಚ್ 17: ಕಲ್ಲು, ಮಟ್ಟ, ಕನ್ನಡಿ

ವೈರ್ ಬಂತು, ಹಾಕಿದೆ, ಕೋನ ಮತ್ತೊಮ್ಮೆ ನೋಡಿದೆ.

ಟರ್ನ್‌ಟೇಬಲ್ ಇಟ್ಟಿದ್ದ ಪ್ಲೈವುಡ್ ಮೇಜು ನಡೆದಾಡಿದರೆ ಅಲುಗುತ್ತಿತ್ತು. ನಮ್ಮೂರಲ್ಲಿ ಇದಕ್ಕೆ ಚಿಂತೆ ಯಾಕೆ? ಶಹಾಬಾದ್ ಕಲ್ಲು ಇದೆ. 50 ಬೈ 40 ಸೆಂಟಿಮೀಟರ್, 4 ಸೆಂಟಿಮೀಟರ್ ದಪ್ಪದ ತುಂಡು ಒಂದು ಮಗ್ಗುಲು ಪಾಲಿಶ್ ಮಾಡಿಸಿ 350 ರೂಪಾಯಿ. ತೂಕ 21 ಕಿಲೋ ಹತ್ತಿರ. ಆಟೋದವರು ಎತ್ತಿಕೊಟ್ಟರು. ಕಲ್ಲಿನ ಕೆಳಗೆ ನಾಲ್ಕು ಮೂಲೆಗೆ ಸೈಕಲ್ ಟ್ಯೂಬ್ ಎರಡು ಪದರ ಮಡಚಿ ಇಟ್ಟೆ. ಈಗ ಪಕ್ಕದಲ್ಲಿ ಕಾಲು ಊರಿ ನಡೆದರೂ ಸೂಜಿಗೆ ತಿಳಿಯುವುದಿಲ್ಲ. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಕಲ್ಲು. ತಿರುಗುವ ತಟ್ಟೆಯ ಮೇಲೆ ಗಾರೆ ಕೆಲಸದವರ ಸಣ್ಣ ರಸಮಟ್ಟ ಇಟ್ಟು, ಟರ್ನ್‌ಟೇಬಲ್ ಕಾಲುಗಳನ್ನು ತಿರುಗಿಸಿ ಎರಡೂ ದಿಕ್ಕಿಗೆ ಮಟ್ಟ ಮಾಡಿದೆ.

ಆಮೇಲೆ ಮುಂದಿನಿಂದ ನೋಡಿದಾಗ ಸೂಜಿ ನೆಟ್ಟಗೆ ನಿಂತಿದೆಯಾ ಅನ್ನುವುದು. ಅವ್ವನ ಕುಂಕುಮದ ಡಬ್ಬಿಯ ಪುಟ್ಟ ಕನ್ನಡಿ ತಟ್ಟೆಯ ಮೇಲೆ ಇಟ್ಟು ಸೂಜಿ ಇಳಿಸಿದೆ. ಕಾರ್ಟ್ರಿಜ್ ಮತ್ತು ಅದರ ಬಿಂಬ ಸೇರಿ ಒಂದೇ ನೆಟ್ಟ ಗೆರೆ ಆಗಬೇಕು. ನನ್ನದು ಬಲಕ್ಕೆ ಚೂರು ಮುರಿದ ಹಾಗೆ ಕಂಡಿತು. ಕಾಲೇಜಿನ ಕಾಲದ ಒಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ), 0.1 ಮಿಲಿಮೀಟರ್ ದಪ್ಪ, ಅದರಿಂದ ಸಣ್ಣ ಪಟ್ಟಿ ಕತ್ತರಿಸಿ ಹೆಡ್‌ಶೆಲ್‌ಗೂ ಕಾರ್ಟ್ರಿಜ್‌ಗೂ ನಡುವೆ ಒಂದೇ ಕಡೆ ಇಟ್ಟೆ. ಎರಡು ಸ್ಕ್ರೂ ನಡುವೆ 12.7 ಮಿಲಿಮೀಟರ್ ಅಂತರ. ಅಷ್ಟರಲ್ಲಿ 0.1 ಅಂದ್ರೆ ಸುಮಾರು ಅರ್ಧ ಡಿಗ್ರಿ. ಸಾಕಾಯ್ತು. ಆರ್ಮ್ ಎತ್ತರ ಮುಟ್ಟಲಿಲ್ಲ. ಭಾರ ಮತ್ತೆ ತೂಗಿದೆ, 2.00.

ಆರ್ಮ್ ಒಳಕ್ಕೆ ಜಾರದಂತೆ ಹಿಡಿಯುವ ಆಂಟಿ-ಸ್ಕೇಟ್ ಗುಂಡಿ 2ರಲ್ಲಿತ್ತು. ಜೋರು ದನಿಯಲ್ಲಿ ಎಡಗಡೆ ಮೊದಲು ಒಡೆಯುತ್ತಿತ್ತು. 1.5ಕ್ಕೆ ಇಳಿಸಿದ ಮೇಲೆ ಎರಡೂ ಕಡೆ ಸಮ.

ಮಾರ್ಚ್ 19: ಪ್ಲೇಟು ತೊಳೆದದ್ದು

ಇಷ್ಟು ಸಣ್ಣ ತುದಿ ಗಾಡಿಯ ತಳದ ಹತ್ತಿರ ಹೋಗುತ್ತದೆ. ತಳದಲ್ಲಿ ಐವತ್ತು ವರ್ಷದ ಧೂಳಿದ್ದರೆ ಅದನ್ನೇ ಹಾಡುತ್ತದೆ. ಡಿಸ್ಟಿಲ್ಡ್ ನೀರು ಮುಕ್ಕಾಲು, ಐಸೊಪ್ರೊಪೈಲ್ ಆಲ್ಕೋಹಾಲ್ ಕಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ. ಮೆತ್ತಗಿನ ಬ್ರಶ್‌ನಲ್ಲಿ ಗಾಡಿಯ ಗುಂಟ ತಿಕ್ಕಿ, ಬರೀ ಡಿಸ್ಟಿಲ್ಡ್ ನೀರಲ್ಲಿ ಎರಡು ಸಲ ತೊಳೆದು, ನೆರಳಿನಲ್ಲಿ ನಿಲ್ಲಿಸಿದೆ. ಒಣ ಹವೆ, ಇಪ್ಪತ್ತು ನಿಮಿಷ ಸಾಕು. ಬಿಸಿಲಿಗೆ ಇಡಬೇಡಿ, ನಮ್ಮೂರ ಬಿಸಿಲಿಗೆ ಪ್ಲೇಟು ಹಪ್ಪಳದ ಹಾಗೆ ಡೊಂಕಾಗುತ್ತದೆ. ಸಾಮಾನು 260 ರೂಪಾಯಿ, ಕಾರ್ಬನ್ ಫೈಬರ್ ಬ್ರಶ್ 900.

ಒಂದು ಎಚ್ಚರ. ಅಜ್ಜನ 78ರ ಪ್ಲೇಟುಗಳಿಗೆ ಈ ನೀರು ತಾಗಿಸಬಾರದು. ಅವು ಶೆಲ್ಯಾಕ್, ಅಂದ್ರೆ ಅರಗು. ಆಲ್ಕೋಹಾಲ್‌ಗೆ ಕರಗುತ್ತವೆ. ಅವುಗಳ ಮೇಲೆ ಈ ಕೆಂಪು ಸೂಜಿಯೂ ಬೇಡ. ಅವುಗಳ ಗಾಡಿ ಅಗಲ, ಸೂಜಿಯ ತುದಿ 75 ಮೈಕ್ರಾನ್ ಹತ್ತಿರ ಇರಬೇಕು, ಭಾರವೂ 5 ಗ್ರಾಂ. ಅದಕ್ಕೇ ಆ ಕಪ್ಪು ಸೂಜಿ ಇರುವುದು.

ಮಾರ್ಚ್ 20: ಕೇಳಿದ್ದು

ರಾತ್ರಿ ಒಂಬತ್ತಕ್ಕೆ ಕೂಲರ್, ಫ್ಯಾನ್ ಎಲ್ಲ ಆರಿಸಿ ವಚನದ ಮೊದಲ ಎಲ್‌ಪಿ ಹಚ್ಚಿದೆ. ದನಿ ಮೊದಲಿಗಿಂತ ಒಂಚೂರು ಸಣ್ಣ. ಹಸಿರು ಸೂಜಿ 4.0 ಮಿಲಿವೋಲ್ಟ್ ಕೊಡುತ್ತಿತ್ತು, ಇದು 3.5. ವಾಲ್ಯೂಮ್ ಒಂದು ಗೆರೆ ಏರಿಸಿದೆ.

ಮೊದಲು ಗಮನಕ್ಕೆ ಬಂದದ್ದು ತಂಬೂರಿ. ಹಿಂದೆ ಅದು ಹಿನ್ನೆಲೆಯಲ್ಲಿ ಒಂದು ಗುಂಯ್ ಅನ್ನುವ ಸದ್ದು ಅಷ್ಟೇ ಆಗಿತ್ತು. ಈಗ ನಾಲ್ಕು ತಂತಿಯನ್ನು ಬೆರಳು ಒಂದೊಂದಾಗಿ ಮುಟ್ಟುವುದು ಕೇಳುತ್ತದೆ. ತಬಲಾದ ಮೇಲೆ ಅಂಗೈ ಒರಸಿದ್ದು ಕೇಳುತ್ತದೆ. ಗಾಯಕರು ಅಂಕಿತಕ್ಕೆ ಮುಂಚೆ ಉಸಿರು ತಗೊಳ್ಳುವುದು ಕೇಳುತ್ತದೆ. ಆಮೇಲೆ ಕೊನೆಯ ವಚನ ಬಂತು. ಸೂಜಿ ಚೀಟಿಯ ಹತ್ತಿರ ಇತ್ತು. "ಕೂಡಲಸಂಗಮದೇವ." ಬರೀ "ಸಂ". ಒಡೆಯಲಿಲ್ಲ. ನಾನು ಎದ್ದು ಹೋಗಿ ಅದೇ ಸಾಲನ್ನು ಮತ್ತೆ ಎರಡು ಸಲ ಹಾಡಿಸಿದೆ. ಅವ್ವ ಏನೂ ಹೇಳಲಿಲ್ಲ, ಕಣ್ಣು ಮುಚ್ಚಿ ಕೂತಿದ್ದರು. ಪ್ಲೇಟು ಮುಗಿದ ಮೇಲೆ "ಇನ್ನೊಂದು ಮಗ್ಗಲ ಹಚ್ಚು" ಅಂದರು.

ಎಲ್ಲ ಪ್ಲೇಟೂ ಬದುಕಿತು ಅಂತ ಹೇಳಲಾರೆ. ಮೂರನೆಯ ವಚನದ ಎಲ್‌ಪಿಯ ಎರಡನೆಯ ಮಗ್ಗುಲು ಹಾಗೇ ಕರಕರ ಅನ್ನುತ್ತದೆ. ಅದು ಅಪ್ಪ ತುಂಬ ಸಲ ಹಾಡಿಸಿದ ಮಗ್ಗುಲು, ಗೋಡೆ ಪೂರ್ತಿ ಸವೆದಿದೆ. ಅದಕ್ಕೆ ಯಾವ ಸೂಜಿಯಿಂದಲೂ ಆಗುವುದಿಲ್ಲ. ಒಂದು ಖವ್ವಾಲಿ ಪ್ಲೇಟಿನಲ್ಲಿ ಗೀರಿನ ಟಕ್ ಟಕ್ ಮೊದಲಿನಷ್ಟೇ ಇದೆ. ಮನ್ಸೂರರ ಎಲ್‌ಪಿಗಳು ಮಾತ್ರ ಹೊಸದಾಗಿ ಕೊಂಡು ತಂದ ಹಾಗೆ ಆಗಿವೆ.

ಖರ್ಚು: ಸೂಜಿ 14,800, ಬ್ರಶ್ 900, ವೈರ್ 450, ಕಲ್ಲು 350, ತೊಳೆಯುವ ಸಾಮಾನು 260, ಮಸೂರ 250, ಎರಡು ಪ್ರಿಂಟ್ 20. ಒಟ್ಟು 17,030 ರೂಪಾಯಿ. ತಕ್ಕಡಿ ವಾಪಸ್ ಕೊಟ್ಟೆ, ಅಲ್ಯೂಮಿನಿಯಂ ಪಟ್ಟಿ ಮತ್ತೆ ಬೇಕಾಗುತ್ತದೆ ಅಂತ ಎತ್ತಿಟ್ಟಿದ್ದೇನೆ. ದೀಪಾವಳಿಗೆ ಕಪ್ಪು ಸೂಜಿ ತರಿಸಬೇಕು. ಅಜ್ಜನ 11 ಪ್ಲೇಟುಗಳಲ್ಲಿ ಏನಿದೆ ಅಂತ ನಾನು ಇನ್ನೂ ಕೇಳಿಲ್ಲ.

ಕೆಂಪು ಸೂಜಿಯ ಡಬ್ಬಿಯ ಮೇಲೆ ಪೆನ್ಸಿಲ್‌ನಲ್ಲಿ ಗಂಟೆ ಬರೆಯಲು ಶುರು ಮಾಡಿದ್ದೇನೆ. ಪರೀಕ್ಷೆಗೆ ಹಾಡಿಸಿದ್ದೂ ಸೇರಿ ಇವತ್ತಿಗೆ 14.

ಕವಚ ಹಾಕಿಯೇ ಧೂಳು ಒರೆಸುತ್ತೇನೆ.